ರಿಲೇಯ ಎತ್ತಂಗಡಿ

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಸೂರ್ಯ ಯಾರಿಂದಲೂ ಒಂದು ದೂರು ಬಾರದಂತೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿದ್ದ. ಆದರೂ ಅವನ ಮೇಲೆ ಅಷ್ಟು ನಂಬಿಕೆ ಸಾಲದೆ, ಬೀದಿಯಲ್ಲಿ ನಿಂತಿದ್ದ ಒಂದು ಹಳೆಯ ಕಾರು ತನ್ನ ಎರಡೂ ಹೆಡ್‌ಲೈಟು ಉರಿಸಿಕೊಂಡು ಅವನ ಸಹಾಯಕ್ಕೆ ನಿಂತಿತ್ತು.

ಇದನ್ನು ಮೊದಲು ಕಂಡವರು ಎದುರು ಮನೆಯ ವಾರ್ತಾವಾಚಕರು. ಮೂವತ್ತು ವರ್ಷ ರೇಡಿಯೊದಲ್ಲಿ ವಾರ್ತೆ ಓದಿ ನಿವೃತ್ತರಾದವರು. ರೇಡಿಯೊ ಅವರನ್ನು ಬಿಟ್ಟಿತ್ತು. ಅವರು ವಾರ್ತೆಯನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಉಪ್ಪು ಮುಗಿದರೂ "ಉಪ್ಪಿನ ದಾಸ್ತಾನಿನಲ್ಲಿ ತೀವ್ರ ಕುಸಿತ ಕಂಡುಬಂದಿದ್ದು" ಎಂದೇ ಹೆಂಡತಿಗೆ ತಿಳಿಸುವವರು. ಈಗ ಅರ್ಧ ಮುಖದಲ್ಲಿ ಸೋಪಿನ ನೊರೆ, ಇನ್ನರ್ಧದಲ್ಲಿ ಹತ್ತಿ ಒತ್ತಿಕೊಂಡು ಗೇಟಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ಇದೀಗ ಬಂದ ಸುದ್ದಿ. ನಮ್ಮ ಬಚ್ಚಲುಮನೆಯ ಕನ್ನಡಿಯಲ್ಲಿ ಇಂದು ಬೆಳಿಗ್ಗೆ ಎರಡು ಸೂರ್ಯರು ಉದಯಿಸಿದ್ದಾರೆ. ಕ್ಷೌರದಲ್ಲಿ ನಿರತರಾಗಿದ್ದ ಹಿರಿಯ ನಾಗರಿಕರೊಬ್ಬರ ಗಲ್ಲಕ್ಕೆ ಗಾಯವಾಗಿದೆ. ಗಾಯಾಳುವಿನ ಸ್ಥಿತಿ ಸ್ಥಿರವಾಗಿದೆ. ಸಿಟ್ಟು ಗಂಭೀರವಾಗಿದೆ."

ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಕಾರಿನ ಮಾಲೀಕ ಹೊರಗೆ ಓಡಿಬಂದ. ಇವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಅದನ್ನು ಸಂಬಳದ ಪಟ್ಟಿ ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಅವನು 'ಎತ್ತಂಗಡಿ'. ಹತ್ತೊಂಬತ್ತು ವರ್ಷದಿಂದ ಸಿಬ್ಬಂದಿ ವಿಭಾಗದಲ್ಲಿ ಕೂತು ಕಂಡವರ ವರ್ಗಾವಣೆ ಆದೇಶ ಬರೆಯುವುದು ಅವನ ಕೆಲಸ.

ಎತ್ತಂಗಡಿ ಕಾರಿನೊಳಗೆ ಕೂತು ಸ್ವಿಚ್ಚು ತಿರುಗಿಸಿದ. ದೀಪ ಉರಿಯಿತು. ಹಿಂದಕ್ಕೆ ತಿರುಗಿಸಿದ. ಉರಿಯಿತು. ಕೀ ಕಿತ್ತು ಜೇಬಿಗೆ ಹಾಕಿಕೊಂಡ. ಓವರ್‌ಟೈಮ್ ಕೊಡುತ್ತಾರೆಂದು ಯಾರೋ ಕಿವಿಯಲ್ಲಿ ಹೇಳಿದಂತೆ ದೀಪ ಇನ್ನೂ ಉತ್ಸಾಹದಿಂದ ಉರಿಯಿತು. ಬೆಳಗಿನ ಜಾವ ಐದೂವರೆಗೆ, ಕತ್ತಲಿರುವಾಗಲೇ ಹೋಗಿ ಕಾರು ತೊಳೆಸಿ, ಗಾಳಿ ಹಿಡಿಸಿ, ಪೆಟ್ರೋಲು ಹಾಕಿಸಿ ತಂದಿದ್ದ. ಆಗ ಹತ್ತಿದ ದೀಪ ಆರಿಯೇ ಇಲ್ಲವೆಂಬುದು ಬಿಸಿಲಲ್ಲಿ ಗೊತ್ತಾಗಿರಲಿಲ್ಲ.

ಮೆಕ್ಯಾನಿಕ್ಕಿಗೆ ಫೋನ್ ಹೋಯಿತು. ಮೆಕ್ಯಾನಿಕ್ಕು ಎಲ್ಲಿದ್ದರೂ, ಎಷ್ಟು ದೂರವಿದ್ದರೂ, ಐದೇ ನಿಮಿಷದಲ್ಲಿ ಬರುವ ಮನುಷ್ಯ. ಕಳೆದ ಸಲದ ಐದು ನಿಮಿಷ ಮಂಗಳವಾರ ಶುರುವಾಗಿ ಶುಕ್ರವಾರ ಮುಗಿದಿತ್ತು.

"ಅದು ರಿಲೇ ಸಾರ್. ರಿಲೇ ಅಂಟ್ಕೊಂಡಿದೆ."

"ರಿಲೇ ಅಂದ್ರೆ?"

"ಸಣ್ಣ ಕಪ್ಪು ಡಬ್ಬಿ ಸಾರ್, ಅರ್ಧ ಬೆಂಕಿಪೊಟ್ಟಣದಷ್ಟು. ನಾಲ್ಕು ಕಾಲಿರುತ್ತೆ. ನೀವು ಸ್ವಿಚ್ಚು ಹಾಕಿದ್ರೆ ಸೀದಾ ದೀಪಕ್ಕೆ ಹೋಗಲ್ಲ, ಇವನ ಹತ್ರ ಹೋಗುತ್ತೆ. ಇವನು ದೀಪಕ್ಕೆ ಕರೆಂಟು ಬಿಡ್ತಾನೆ. ನಿಲ್ಸು ಅಂದ್ರೆ ನಿಲ್ಲಿಸ್ಬೇಕು. ನಿಮ್ಮೋನು ಬಿಟ್ಟ ಮೇಲೆ ಬಿಟ್ಟ."

ಎತ್ತಂಗಡಿಗೆ ಚೆನ್ನಾಗಿ ಅರ್ಥವಾಯಿತು. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ದಾಟಿಸಲು ನಡುವೆ ಒಬ್ಬ ಗುಮಾಸ್ತ. ಅವನು ಈಗ ಮೇಲಿನವರ ಮಾತು ಕೇಳುತ್ತಿಲ್ಲ. ಇಂಥವರನ್ನು ಅವನು ಬೇಕಾದಷ್ಟು ಕಂಡಿದ್ದ.

"ಇವತ್ತು ಭಾನುವಾರ ಸಾರ್, ಅಂಗಡಿ ಬಾಗಿಲು ಹಾಕಿರುತ್ತೆ. ನಾಳೆ ಹೊಸದು ತರ್ತೀನಿ. ಅಲ್ಲಿವರ್ಗೂ ಒಂದು ಕೆಲ್ಸ ಮಾಡಿ. ಅದನ್ನ ಕಿತ್ಕೊಂಡು ನೆಲಕ್ಕೆ ಒಂದು..."

"ಆಯ್ತಾಯ್ತು, ಗೊತ್ತಾಯ್ತು," ಎಂದು ಎತ್ತಂಗಡಿ ಫೋನ್ ಇಟ್ಟುಬಿಟ್ಟ. ವಾಕ್ಯ ಮುಗಿಯುವ ತನಕ ಕೇಳಿಸಿಕೊಳ್ಳುವುದು ಅವನ ಕಚೇರಿಯ ಪದ್ಧತಿಯಲ್ಲ.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಎಲ್ಲವನ್ನೂ ಕೇಳುತ್ತಿದ್ದಳು. ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವುದನ್ನು ಎಷ್ಟು ಹೊತ್ತಿಗೆ ಎಷ್ಟು ಎಂಬುದು ಅವಳಿಗೆ ಬಾಯಿಪಾಠ. "ರೀ, ಈಗ ಕಿತ್ತಿಡಿ. ಸಂಜೆ ಸ್ಟೇಷನ್ನಿಗೆ ಹೊರಡೋವಾಗ ಚುಚ್ಚಿ. ದೀಪ ಉರೀತಾ ಹೋಗುತ್ತೆ, ಉರೀತಾ ಬರುತ್ತೆ. ಮನೆಗೆ ಬಂದ್ಮೇಲೆ ಮತ್ತೆ ಕಿತ್ತಿಡಿ. ಆಯ್ತಲ್ಲ?"

"ಸ್ಟೇಷನ್ ಮುಂದೆ, ದೊಡ್ಡ ಸಾಹೇಬರ ಎದುರಿಗೆ ಬಾನೆಟ್ ಎತ್ತಿ ದೀಪ ಆರಿಸ್ಲೇನೇ? ಊದಿ ಆರಿಸೋದೊಂದು ಬಾಕಿ!"

ಹೆಂಡತಿ ಹೇಳಿದ್ದರಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಹಾಗಾಗಿ ಅದನ್ನು ಒಪ್ಪುವಂತಿರಲಿಲ್ಲ.

ವಿಷಯ ಅಷ್ಟು ಸೂಕ್ಷ್ಮವಾಗಿತ್ತು. ಎತ್ತಂಗಡಿಯ ಕಚೇರಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಟೈಪು ಬಾರದ ಟೈಪಿಸ್ಟನನ್ನು ಟಪಾಲಿಗೆ ಹಾಕುತ್ತಾರೆ. ಟಪಾಲು ಕಳೆದವನನ್ನು ವಿಚಾರಣೆಯ ಕಿಟಕಿಗೆ. ಕಿಟಕಿಯಲ್ಲಿ ಬಂದವರನ್ನೆಲ್ಲ ಬೈದವನನ್ನು ಉಗ್ರಾಣಕ್ಕೆ. ಉಗ್ರಾಣದಲ್ಲೂ ಬಾಳಲಿಲ್ಲವೋ, ಕೊನೆಗೆ ಗುಡ್ಡದ ಶಾಖೆಗೆ. ಅಲ್ಲಿ ಎಂಟು ತಿಂಗಳು ಮಂಜು, ಉಳಿದ ನಾಲ್ಕು ತಿಂಗಳು ಕರೆಂಟಿಲ್ಲ. ಜನರೇಟರು ಕೆಟ್ಟಿದೆ, ಹೀಟರು ಕೆಟ್ಟಿದೆ ಎಂದು ಅಲ್ಲಿಂದ ತಿಂಗಳಿಗೊಂದು ಪತ್ರ ಬರುತ್ತಿತ್ತು. ಎತ್ತಂಗಡಿ ತಿಂಗಳಿಗೊಂದು ಸಲ ಅದನ್ನು 'ಪರಿಶೀಲನೆಯಲ್ಲಿದೆ' ಎಂಬ ಫೈಲಿನಲ್ಲಿ ಬೆಚ್ಚಗೆ ಮಲಗಿಸುತ್ತಿದ್ದ. ಹನ್ನೊಂದು ಜನರನ್ನು ತನ್ನ ಕೈಯಾರೆ ಅಲ್ಲಿಗೆ ಕಳಿಸಿದ್ದ. ಕಳಿಸುವಾಗಲೆಲ್ಲ ಟಿಪ್ಪಣಿಯಲ್ಲಿ ಒಂದು ವಾಕ್ಯ ತಪ್ಪದೆ ಬರೆಯುತ್ತಿದ್ದ: 'ಕೆಲಸಕ್ಕೆ ಬಾರದವರೆಂದು ಯಾರೂ ಇಲ್ಲ, ಕೂತ ಕುರ್ಚಿ ತಪ್ಪಿರುತ್ತದೆ, ಅಷ್ಟೆ.'

ಹೋದ ವಾರ ಹನ್ನೆರಡನೆಯ ಹೆಸರು ಬೇಕೆಂದು ಕೇಂದ್ರ ಕಚೇರಿಯಿಂದ ಪತ್ರ ಬಂದಿತ್ತು. ಈ ಸಲ ಸಿಬ್ಬಂದಿ ವಿಭಾಗದಿಂದಲೇ ಒಬ್ಬರು. ಅಲ್ಲಿದ್ದವರು ಇಬ್ಬರು: ಇವನು, ಮತ್ತು ಇವನ ಕಿರಿಯ ಗುಮಾಸ್ತ. ತೀರ್ಮಾನ ಮಾಡಲು ದೊಡ್ಡ ಸಾಹೇಬರು ಇವತ್ತು ಸಂಜೆ ಆರೂವರೆಯ ರೈಲಿಗೆ ಖುದ್ದಾಗಿ ಬರುತ್ತಿದ್ದರು. ಕಚೇರಿಯ ಡ್ರೈವರಿಗೆ ಭಾನುವಾರ ರಜೆ ಕೊಡಿಸಿ, 'ಅಯ್ಯೋ, ಡ್ರೈವರ್ ಇಲ್ವಲ್ಲ ಸಾರ್, ನಾನೇ ಬಂದು ಕರ್ಕೊಂಡು ಹೋಗ್ತೀನಿ, ಊಟ ನಮ್ಮನೇಲೇ' ಎಂದು ಹೇಳಿಕೊಂಡವನು ಎತ್ತಂಗಡಿಯೇ. 'ನನ್ನನ್ನು ಇಲ್ಲಿಯೇ ಉಳಿಸಿಕೊಳ್ಳಬೇಕಾಗಿ' ಎಂಬ ಮೂರು ಪುಟದ ಮನವಿ ಅಂಗಿಯ ಜೇಬಿನಲ್ಲಿ ಆಗಲೇ ಇಸ್ತ್ರಿಯಾಗಿ ಕೂತಿತ್ತು. ಹೆಂಡತಿಯಂತೂ ಸ್ಪಷ್ಟವಾಗಿ ಹೇಳಿಬಿಟ್ಟಿದ್ದಳು. "ನನ್ನ ಕೆಲಸ ಇಲ್ಲಿ. ಗುಡ್ಡಕ್ಕೆ ನೀವೊಬ್ರೇ. ಈಗಲೇ ನೀರು ಕಾಯಿಸೋದು ಕಲ್ತ್ಕೊಳ್ಳಿ."

ಬಾನೆಟ್ ಎತ್ತಿದ. ಮೂಲೆಯಲ್ಲೊಂದು ಕಪ್ಪು ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ನಾಲ್ಕು ರಿಲೇ, ಒಂದೇ ತಾಯಿಯ ಮಕ್ಕಳ ಹಾಗೆ. ಯಾವುದು ಯಾರೆಂದು ಮುಚ್ಚಳದ ಒಳಗಡೆ ಚಿತ್ರ ಬರೆದಿತ್ತು: ದೀಪ, ಹಾರನ್ನು, ಎಂಜಿನ್ ತಣಿಸುವ ಫ್ಯಾನು, ಮತ್ತು ಮೂರು ಗೆರೆ ಎಳೆದ ಒಂದು ಗಾಜು. ದೀಪದ ರಿಲೇಯನ್ನು ಹಿಡಿದು ಎಳೆದ. ಬರಲಿಲ್ಲ. ಎಂಟು ವರ್ಷ ಒಂದೇ ಸೀಟಿನಲ್ಲಿ ಕೂತವರು ಅಷ್ಟು ಸುಲಭವಾಗಿ ಏಳುತ್ತಾರೆಯೇ?

"ಯಾವ ಹಲ್ಲು?" ಎಂದು ಬೆನ್ನ ಹಿಂದೆ ಧ್ವನಿ ಕೇಳಿತು.

ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಭಾನುವಾರ ಕ್ಲಿನಿಕ್ಕಿಗೆ ರಜೆ. ಕೀಳಲು ಏನೂ ಸಿಗದೆ ಬೆಳಗಿನಿಂದ ಕೈ ತುರಿಸುತ್ತಿತ್ತು.

"ಹಲ್ಲಲ್ಲ ಡಾಕ್ಟ್ರೇ, ರಿಲೇ."

"ನಾಲ್ಕು ಬೇರು ಇದೆ ಅಂದ್ಮೇಲೆ ಹಲ್ಲೇ. ಸ್ವಲ್ಪ ಬೆಳಕು ಬಿಡಿ." ಡಾಕ್ಟರು ಒಳಗೆ ಹೋಗಿ ಇಕ್ಕುಳ ತಂದು, ಕಾರಿನ ಮುಂದೆ ಬಾಗಿ, "ಇನ್ನೂ ಸ್ವಲ್ಪ ಬಾಯಿ ತೆಗೀರಿ," ಎಂದು ಅಭ್ಯಾಸಬಲದಿಂದ ಬಾನೆಟ್ಟಿಗೆ ಹೇಳಿದರು. "ಸಿಹಿ ಜಾಸ್ತಿ ತಿಂತೀರಾ?"

"ನಾನಾ?"

"ನಿಮ್ಮನ್ನಲ್ಲ." ಒಂದು ತಿರುವು, ಒಂದು ಎಳೆತ. ಕಟಕ್. ರಿಲೇ ಹೊರಬಂತು, ದೀಪ ಆರಿತು. "ಅರ್ಧ ಗಂಟೆ ಏನೂ ತಿನ್ನೋಕೆ ಕೊಡಬೇಡಿ," ಎಂದರು ಡಾಕ್ಟರು.

ಎತ್ತಂಗಡಿ ಅಂಗೈಯಲ್ಲಿದ್ದ ರಿಲೇಯನ್ನು ನೋಡಿದ. ಪೆಟ್ಟಿಗೆಯಲ್ಲಿ ಉಳಿದ ಮೂವರನ್ನು ನೋಡಿದ. ಒಂದೇ ಅಳತೆ, ಒಂದೇ ಕಾಲು, ಒಂದೇ ಮುಖ. ಹತ್ತೊಂಬತ್ತು ವರ್ಷದ ಅನುಭವ ಅವನ ತಲೆಯಲ್ಲಿ ದೀಪದಂತೆ ಹತ್ತಿತು. ಅದನ್ನೂ ಆರಿಸುವ ಸ್ವಿಚ್ಚು ಇರಲಿಲ್ಲ.

"ಡಾಕ್ಟ್ರೇ, ಇವನು ಕೆಟ್ಟಿಲ್ಲ. ಸೀಟು ಸರಿ ಇಲ್ಲ. ಹಾರನ್ನಿನವನನ್ನ ಇಲ್ಲಿಗೆ ಹಾಕೋಣ, ಇವನನ್ನ ಹಾರನ್ನಿಗೆ ಕಳಿಸೋಣ."

"ಆದ್ರೆ ಇವನು ಅಂಟ್ಕೊಂಡಿದಾನಲ್ಲ?"

"ಹೊಸ ಜಾಗ, ಹೊಸ ವಾತಾವರಣ. ಹುರುಪು ಬರುತ್ತೆ."

ಹುರುಪು ಬಂತು. ಹಾರನ್ನಿನ ಸೀಟಿಗೆ ಅವನನ್ನು ಒತ್ತಿದ್ದೇ ತಡ, ಕಾರು ಹೆತ್ತವ್ವನನ್ನು ಕರೆದಂತೆ ಕಿರುಚಲು ಶುರುಮಾಡಿತು. ಪೀಂ ಅಲ್ಲ, ಪೀಂ ಆದರೆ ಒಂದು ಕಡೆ ನಿಲ್ಲುತ್ತದೆ. ಇದು ಪೀ ಎಂದು ಶುರುವಾಯಿತು, ಅನುಸ್ವಾರಕ್ಕೆ ಬರಲೇ ಇಲ್ಲ. ಬೆಚ್ಚಿದ ಡಾಕ್ಟರ ಕೈಯಿಂದ ಇಕ್ಕುಳ ಜಾರಿ ಎಂಜಿನ್ನಿನ ಹೊಟ್ಟೆಯೊಳಗೆ ಟಣ್ ಟಣ್ ಎಂದು ಇಳಿದುಹೋಯಿತು. ನಾಯಿಗಳು ಬೊಗಳಿದವು. ಕಿಟಕಿಗಳು ತೆರೆದವು. ತಲೆಗೆ ಎಣ್ಣೆ ಹಚ್ಚಿಕೊಂಡವರು, ಒಂದು ಕಾಲಿಗೆ ಪ್ಯಾಂಟು ಹಾಕಿಕೊಂಡವರು ಎಲ್ಲರೂ ಬೀದಿಗೆ ಬಂದರು.

ವಾರ್ತಾವಾಚಕರು ಗೇಟಿನ ಮೇಲೆ ಕೈಯಿಟ್ಟು ಏನೋ ಓದುತ್ತಿದ್ದರು. ತುಟಿ ಆಡುವುದು ಕಾಣುತ್ತಿತ್ತು, ಒಂದಕ್ಷರ ಕೇಳುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಅವರ ಪ್ರಸಾರಕ್ಕೆ ಅಡಚಣೆಯಾದದ್ದು ಇದೇ ಮೊದಲು. ಆ ಅವಮಾನವನ್ನು ಅವರು ಮರೆಯುವವರಲ್ಲ.

"ಕೀಳಿ ಡಾಕ್ಟ್ರೇ!"

"ಯಾವುದರಲ್ಲಿ ಕೀಳ್ಲಿ? ಇಕ್ಕುಳ ರೋಗಿ ನುಂಗಿದಾನೆ!"

ಎತ್ತಂಗಡಿ ಒಳಗೆ ಓಡಿ ದಿಂಬು ತಂದು ಹಾರನ್ನಿನ ಬಾಯಿಗೆ ಒತ್ತಿ ಹಿಡಿದ. ಹಾರನ್ನು ದಿಂಬಿನೊಳಗಿಂದ ಮುಸುಕು ಹಾಕಿಕೊಂಡು ಅಳುವವರ ಹಾಗೆ ಮುಂದುವರಿಸಿತು. ಆಗ ಹೆಂಡತಿ ಅಡುಗೆಮನೆಯಿಂದ ಬಿಸಿ ಪಾತ್ರೆ ಇಳಿಸುವ ಇಕ್ಕಳ ಹಿಡಿದು ಬಂದಳು, ಗಂಡನನ್ನು ಪಕ್ಕಕ್ಕೆ ಸರಿಸಿದಳು, ರಿಲೇಯನ್ನು ಎತ್ತಿದಳು. ನಿಶ್ಶಬ್ದ. ಅವಳು ಇಕ್ಕಳವನ್ನು ಗಂಡನ ಕೈಗೆ ಕೊಟ್ಟು, ದಿಂಬು ಎತ್ತಿಕೊಂಡು ಒಳಗೆ ಹೋದಳು.

"ಬೀದಿಯಲ್ಲಿ ಶಾಂತಿ ಮರುಸ್ಥಾಪನೆಯಾಗಿದೆ," ಎಂದು ವಾರ್ತಾವಾಚಕರು ಘೋಷಿಸಿದರು. "ಘಟನೆಯ ಹಿಂದೆ ಒಬ್ಬ ವ್ಯಕ್ತಿಯ ಕೈವಾಡವಿದೆ ಎನ್ನಲಾಗಿದೆ. ಕೈ ಇನ್ನೂ ಬಾನೆಟ್ಟಿನೊಳಗೇ ಇದೆ."

ಬುದ್ಧಿ ಇದ್ದವನು ಇಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ಸಿಬ್ಬಂದಿ ವಿಭಾಗದ ಮನುಷ್ಯ ಒಂದು ವರ್ಗಾವಣೆ ವಿಫಲವಾಯಿತೆಂದು ಎರಡನೆಯದನ್ನು ಬಿಡುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಒಳ್ಳೆಯ ಬಿಳಿ ಅಂಗಿ ಹಾಕಿಕೊಂಡು, ಜೇಬಿನ ಮನವಿಯನ್ನು ಮುಟ್ಟಿ ನೋಡಿಕೊಂಡು, ಎತ್ತಂಗಡಿ ಮತ್ತೆ ಬಾನೆಟ್ ಎತ್ತಿದ. ಈ ಸಲ ಫ್ಯಾನಿನವನು ಹಾರನ್ನಿಗೆ, ಅಂಟುಗಾರ ಫ್ಯಾನಿಗೆ. ಫ್ಯಾನು ತಿರುಗಿದರೆ ಯಾರಿಗೆ ಏನು ನಷ್ಟ? ತಂಪು ತಾನೆ?

ಫ್ಯಾನು ಗರ್ ಎಂದು ಎದ್ದಿತು. ಎತ್ತಂಗಡಿ ಹೆಮ್ಮೆಯಿಂದ ಬಗ್ಗಿ ನೋಡಿದ. ಬಗ್ಗಿದಾಗ ಮೂರು ಪುಟದ ಮನವಿ ಜೇಬಿನಿಂದ ಜಾರಿ, ಒಂದು ಸಲ ತೇಲಿ, ಸೀದಾ ಫ್ಯಾನಿನ ಬಾಯಿಗೆ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ 'ಉಳಿಸಿಕೊಳ್ಳಬೇಕಾಗಿ' ಒಂದು ಕಡೆ, 'ವಿನಂತಿ' ಇನ್ನೊಂದು ಕಡೆ ಹಾರಿ ಅವನ ಬಿಳಿ ಅಂಗಿಯ ಮೇಲೆಲ್ಲ ಚೂರುಚೂರಾಗಿ ಕೂತವು. ಒಂದು ಮನವಿಯನ್ನು ಇಷ್ಟು ಬೇಗ ವಿಲೇವಾರಿ ಮಾಡಿದ್ದು ಆ ಕಚೇರಿಯ ಇತಿಹಾಸದಲ್ಲೇ ಆ ಫ್ಯಾನು ಒಂದೇ.

"ಇನ್ನು ಬಾಯಲ್ಲೇ ಹೇಳ್ಬೇಕು," ಎಂದು ಎತ್ತಂಗಡಿ ಗೊಣಗಿದ.

"ಬಾಯಿಗೆ ಏನಾದ್ರೂ ಆದ್ರೆ ನಾನಿದೀನಿ," ಎಂದು ಡಾಕ್ಟರು ಧೈರ್ಯ ತುಂಬಿದರು.

ಫ್ಯಾನು ನಿಲ್ಲುವ ಲಕ್ಷಣ ಕಾಣಲಿಲ್ಲ. ಕೀ ಜೇಬಿನಲ್ಲಿದ್ದರೂ ಗರ್ ಎನ್ನುತ್ತಿತ್ತು; ಹೀಗೇ ಬಿಟ್ಟರೆ ಬ್ಯಾಟರಿ ಸಂಜೆಗೆ ಮುಂಚೆ ಪ್ರಾಣ ಬಿಡುವುದು ಖಂಡಿತ. ಉಳಿದದ್ದು ನಾಲ್ಕನೆಯ ಸೀಟು. ಮೂರು ಗೆರೆಯ ಗಾಜು. ಏನಿದು ಎಂದು ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದ. ಹಿಂದಿನ ಗಾಜಿಗೆ ಮಂಜು ಹಿಡಿದರೆ ಅದನ್ನು ಬಿಸಿಮಾಡಿ ಒಣಗಿಸುವ ತಂತಿಗಳಂತೆ. ಎಂಟು ವರ್ಷದಲ್ಲಿ ಆ ಗುಂಡಿಯನ್ನು ಅವನು ಒಂದು ಸಲವೂ ಒತ್ತಿರಲಿಲ್ಲ. ಯಾರೂ ಹೋಗದ, ಯಾರೂ ಕೇಳದ, ಮಂಜು ಕಾಯುವ ಹುದ್ದೆ!

"ಗುಡ್ಡದ ಶಾಖೆ!" ಎಂದು ಎತ್ತಂಗಡಿ ಕೂಗಿಯೇಬಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ಕಾರು ಮಾಡಿದವರಿಗೂ ಆಡಳಿತ ಗೊತ್ತಿದೆ. ಅಂಟುಗಾರನನ್ನು ಇಕ್ಕಳದಲ್ಲಿ ಎತ್ತಿ ಅಲ್ಲಿಗೆ ಕೂರಿಸಿದ. ಅಲ್ಲಿ ಕೆಲಸವಿಲ್ಲದೆ ಕೂತಿದ್ದವನನ್ನು ಫ್ಯಾನಿಗೆ ಕರೆಸಿಕೊಂಡ. ಎಲ್ಲ ನಿಶ್ಶಬ್ದ. ದೀಪದ ಸ್ವಿಚ್ಚು ಹಾಕಿದ, ಹತ್ತಿತು. ತೆಗೆದ, ಆರಿತು. ಹಾರನ್ನು ಒತ್ತಿದ, ಕೂಗಿತು. ಬಿಟ್ಟ, ಸುಮ್ಮನಾಯಿತು. "ನೋಡಿದ್ರಾ ಡಾಕ್ಟ್ರೇ? ಕೆಲಸಕ್ಕೆ ಬಾರದವರು ಅಂತ ಯಾರೂ ಇಲ್ಲ!"

ಕೀ ತಿರುಗಿಸಿದ. ಕಾರು 'ಟಿಕ್' ಎಂದಿತು. ಇನ್ನೊಂದು ಸಲ ತಿರುಗಿಸಿದ. 'ಟಿ' ಎಂದಿತು. ದೀಪ, ಹಾರನ್ನು, ಫ್ಯಾನು ಮೂರೂ ಸೇರಿ ಬ್ಯಾಟರಿಯನ್ನು ಕಬ್ಬಿನ ಸಿಪ್ಪೆ ಮಾಡಿಟ್ಟಿದ್ದವು. ಗಂಟೆ ಐದೂಕಾಲು.

"ತಳ್ಳೋಣ," ಎಂದರು ಡಾಕ್ಟರು. ಆಶ್ಚರ್ಯವೆಂದರೆ ವಾರ್ತಾವಾಚಕರೂ ತೋಳು ಮಡಿಸಿಕೊಂಡು ಬಂದರು. ಹೆಂಡತಿ ಒಂದು ಗೇರು ಹಾಕಿಕೊಂಡು ಸ್ಟೀರಿಂಗ್ ಹಿಡಿದಳು. ಮೂವರು ಗಂಡಸರು ಹಿಂದಿನಿಂದ ಹೆಗಲು ಕೊಟ್ಟರು.

"ಅಂದ್ರೆ ಸ್ವಾಮಿ," ಏದುಸಿರಿನ ನಡುವೆ ವಾರ್ತಾವಾಚಕರು ಕೇಳಿದರು, "ಸಾಹೇಬರಿಗೆ ಖುಷಿಯಾದ್ರೆ ನೀವು ಇಲ್ಲೇ. ಇಲ್ದಿದ್ರೆ ಗುಡ್ಡ. ಅಷ್ಟೇ ತಾನೆ?"

"ಅಷ್ಟೇ. ಆದ್ರೆ ಅಲ್ಲಿಗೆ ಕರೆಂಟಿನ ಕೆಲಸ ಗೊತ್ತಿರೋರು ಬೇಕಂತೆ. ಜನರೇಟರು, ಹೀಟರು ಎಲ್ಲ ಕೆಟ್ಟಿದೆ. ನಮ್ಮಲ್ಲಿ ಅಂಥೋರು ಯಾರೂ ಇಲ್ಲ, ಪುಣ್ಯ."

"ಹೌದಾ?" ಎಂದರು ವಾರ್ತಾವಾಚಕರು. ಆ ಒಂದು ಮಾತನ್ನು ಮಾತ್ರ ಅವರು ಮನುಷ್ಯರ ಧ್ವನಿಯಲ್ಲಿ ಆಡಿದ್ದರು. ಆಗಲೇ ಎತ್ತಂಗಡಿಗೆ ಅನುಮಾನ ಬರಬೇಕಿತ್ತು. ಬರುವ ಮೊದಲೇ ಹೆಂಡತಿ ಕ್ಲಚ್ ಬಿಟ್ಟಳು, ಕಾರು ಕೆಮ್ಮಿ ಎದ್ದಿತು, ಮೂವರೂ ಹೊಗೆಯಲ್ಲಿ ಮುಳುಗಿದರು.

ಎಂಜಿನ್ ಆರಿಸಲು ಧೈರ್ಯವಿಲ್ಲದೆ, ಎತ್ತಂಗಡಿ ಸ್ಟೇಷನ್ನಿನ ಮುಂದೆ ಬುರುಬುರು ಎನ್ನುವ ಕಾರಿನ ಬಾಗಿಲು ತೆರೆದುಕೊಂಡೇ ಕಾದ. ದೊಡ್ಡ ಸಾಹೇಬರು ಬಂದರು. ಕುತ್ತಿಗೆಗೆ ದಪ್ಪ ಪಟ್ಟಿ ಬಿಗಿದಿತ್ತು. ಬಲಕ್ಕೆ ನೋಡಬೇಕಾದರೆ ಇಡೀ ದೇಹವನ್ನು ಬಂದೂಕಿನ ಹಾಗೆ ತಿರುಗಿಸಬೇಕು. ಹೀಗಾಗಿ ಯಾರನ್ನು ನೋಡಿದರೂ ಗುರಿಯಿಟ್ಟಂತೆಯೇ ಇತ್ತು.

"ಮೂರು ದಿನದಿಂದ ಹಿಡ್ಕೊಂಡಿದೆ ಕಣ್ರೀ. ಮಾತಾಡಿಸ್ಬೇಡಿ," ಎಂದು ಹಿಂದಿನ ಸೀಟಿನಲ್ಲಿ ಒರಗಿದರು.

ಮನವಿ ಹರಿದುಹೋಗಿತ್ತು, ಬಾಯಿಗೆ ಅನುಮತಿಯಿಲ್ಲ. ಕತ್ತಲಾಗುತ್ತಿತ್ತು. ಎತ್ತಂಗಡಿ ದೀಪ ಹಾಕಿದ; ಉರಿಯಿತು. ಅಷ್ಟೇ ಸಮಾಧಾನ. ಹತ್ತು ನಿಮಿಷ ಕಳೆದಿರಬೇಕು, ಹಿಂದಿನಿಂದ "ಆಹಾ" ಎಂಬ ಧ್ವನಿ ಬಂತು.

"ಸಾರ್?"

"ಏನ್ರೀ ಇದು? ಬೆನ್ನ ಹಿಂದಿನ ಗಾಜು ಬೆಚ್ಚಗಿದೆ! ಕುತ್ತಿಗೆಗೆ ಕಾವು ಕೊಟ್ಟ ಹಾಗೆ..." ಸಾಹೇಬರು ತಲೆಯನ್ನು ಇನ್ನಷ್ಟು ಹಿಂದಕ್ಕೆ ಒತ್ತಿದರು. ಇನ್ನೂ ಹತ್ತು ನಿಮಿಷ. "ಅರೆ! ಬಲಕ್ಕೆ ತಿರುಗ್ತಿದೆ ಕಣ್ರೀ!" ಎಡಕ್ಕೆ ತಿರುಗಿಸಿದರು. ಪಟ್ಟಿ ಬಿಚ್ಚಿದರು. ಮೂರು ದಿನದಲ್ಲಿ ಮೊದಲ ಸಲ ಕಿಟಕಿಯ ಹೊರಗೆ ನೋಡಿ ಒಂದು ಎಮ್ಮೆಗೂ ಮುಗುಳ್ನಕ್ಕರು.

"ನೋಡಿ, ಹೇಳೇಬಿಡ್ತೀನಿ. ಗುಡ್ಡಕ್ಕೆ ಯಾರು ಅನ್ನೋದು ಇನ್ನೂ ಬರೆದಿರಲಿಲ್ಲ. ನಿಮ್ಮಂಥ ಮನುಷ್ಯರು ಹತ್ತಿರದಲ್ಲೇ ಇರ್ಬೇಕು. ಆ ಕಿರಿಯ ಗುಮಾಸ್ತರನ್ನೇ ಕಳಿಸೋಣ."

ಎತ್ತಂಗಡಿ ಸ್ಟೀರಿಂಗನ್ನು ತಬ್ಬಿಕೊಂಡು ಅಳುವುದೊಂದು ಬಾಕಿ. ಆನಂದ ತಡೆಯಲಾರದೆ, ಎದುರಿಗೆ ಯಾರೂ ಇಲ್ಲದಿದ್ದರೂ ಎರಡು ಸಲ ಹಾರನ್ನು ಹೊಡೆದ. ಅದೂ ಹೇಳಿದಷ್ಟೇ ಕೂಗಿತು.

ಮನೆಯ ಮುಂದೆ ಕಾರು ನಿಂತು ಎಂಜಿನ್ ಆರಿದಾಗ ಗೇಟಿನ ದೀಪದ ಕೆಳಗೆ ವಾರ್ತಾವಾಚಕರು ನಿಂತಿದ್ದರು. ಕ್ಷೌರ ಪೂರ್ತಿಯಾಗಿತ್ತು, ಗಲ್ಲಕ್ಕೆ ಪಟ್ಟಿ ಅಂಟಿತ್ತು, ಅಂಗಿಯ ಕೊರಳಿನ ಗುಂಡಿಯೂ ಹಾಕಿತ್ತು. ಪಕ್ಕದಲ್ಲಿ ಡಾಕ್ಟರು.

"ನಮಸ್ಕಾರ. ಇಂದಿನ ಮುಖ್ಯ ವಾರ್ತೆಗಳು. ಕಾರಿನ ಇಡೀ ವಿದ್ಯುತ್ ವ್ಯವಸ್ಥೆಯನ್ನು ಯಾವ ಮೆಕ್ಯಾನಿಕ್ಕಿನ ನೆರವೂ ಇಲ್ಲದೆ ಒಂದೇ ದಿನದಲ್ಲಿ ದುರಸ್ತಿ ಮಾಡಿ ನಮ್ಮ ನೆರೆಯವರು ದಾಖಲೆ ನಿರ್ಮಿಸಿದ್ದಾರೆ. ದೀಪ, ಹಾರನ್ನು, ಫ್ಯಾನು ಮತ್ತು ಬಿಸಿ ಗಾಜು, ನಾಲ್ಕರ ಹಿಂದೆಯೂ ಇವರದೇ ಕೈ. ತಜ್ಞರು ಇದನ್ನು ದೃಢಪಡಿಸಿದ್ದಾರೆ."

"ಹೌದು ಹೌದು, ನಾನೇ ಪಕ್ಕದಲ್ಲಿದ್ದೆ," ಎಂದು ತಜ್ಞರಾದ ಹಲ್ಲಿನ ಡಾಕ್ಟರು ದೃಢಪಡಿಸಿದರು. ಪಾಪ, ಅವರಿಗೆ ನಿಜವಾಗಿಯೂ ಮೆಚ್ಚುಗೆಯಿತ್ತು.

ಸಾಹೇಬರ ಕುತ್ತಿಗೆ ಈಗ ಸರಾಗವಾಗಿ ಎತ್ತಂಗಡಿಯ ಕಡೆ ತಿರುಗಿತು. "ಇದೆಲ್ಲ ನೀವೇ ಮಾಡಿದ್ದಾ? ಆ ಬಿಸಿ ಗಾಜೂ?"

ಇಲ್ಲ ಎನ್ನಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಹೊಗಳಿರಲಿಲ್ಲ. "ಏನೋ, ಕೈಲಾದಷ್ಟು ಸಾರ್," ಎಂದು ಎತ್ತಂಗಡಿ ನಾಚಿಕೊಂಡ.

"ಮತ್ತೆ ಹೇಳೋದಲ್ವೇನ್ರೀ ಮೊದಲೇ! ಗುಡ್ಡದಲ್ಲಿ ಜನರೇಟರು ಕೆಟ್ಟು ಮೂರು ವರ್ಷ ಆಯ್ತು, ಹೀಟರಿಲ್ಲದೆ ಜನ ಕಂಬಳಿ ಹೊದ್ದು ಫೈಲು ನೋಡ್ತಿದಾರೆ. ಅಲ್ಲಿಗೆ ಒಬ್ಬ ಎಲೆಕ್ಟ್ರಿಷಿಯನ್ ಕೂಡ ಹತ್ತಿ ಬರಲ್ಲ. ನೀವು ಇಲ್ಲಿ ಕೂತ್ಕೊಂಡು ಕಾಗದ ಬರೀತಿದೀರಾ? ನಿಮ್ಮದೇ ಟಿಪ್ಪಣಿ ಓದಿದೀನಿ ನಾನು. ಕೆಲಸಕ್ಕೆ ಬಾರದವರು ಯಾರೂ ಇಲ್ಲ, ಕೂತ ಕುರ್ಚಿ ತಪ್ಪಿರುತ್ತೆ! ಹತ್ತೊಂಬತ್ತು ವರ್ಷದಿಂದ ನೀವೇ ತಪ್ಪು ಕುರ್ಚೀಲಿ ಕೂತಿದ್ರಿ!"

ಎತ್ತಂಗಡಿಯ ಮುಖದಲ್ಲಿದ್ದ ನಾಚಿಕೆ ಬ್ಯಾಟರಿಯಂತೆ ಇಳಿಯಿತು.

"ಸಾರ್! ಸಾರ್, ನಾನೇನೂ ರಿಪೇರಿ ಮಾಡಿಲ್ಲ ಸಾರ್! ಕೆಟ್ಟಿದ್ದು ಕೆಟ್ಟೇ ಇದೆ! ಬರೀ ಜಾಗ ಬದಲಾಯಿಸಿದೀನಿ ಅಷ್ಟೆ!"

"ಏನು ವಿನಯ ನೋಡಿ," ಎಂದರು ಸಾಹೇಬರು ಡಾಕ್ಟರ ಕಡೆ ತಿರುಗಿ.

"ತೋರಿಸ್ತೀನಿ ಇರಿ ಸಾರ್!" ಎತ್ತಂಗಡಿ ಬಾನೆಟ್ ಎತ್ತಿದ. ಹೆಂಡತಿಯ ಇಕ್ಕಳ ಅಲ್ಲೇ ಇತ್ತು. ಅಂಟುಗಾರನನ್ನು ಗುಡ್ಡದ ಶಾಖೆಯಿಂದ ಕಿತ್ತ. "ಇವನು ಕೆಟ್ಟವನು ಸಾರ್. ಗುಡ್ಡದ ಶಾಖೆ ಅಂತ ಈ ಗಾಜಿನ ಸೀಟಿಗೆ ಹಾಕಿದ್ದೆ. ಇವನನ್ನ ಈಗ ಹಾರನ್ನಿಗೆ ಹಾಕ್ತೀನಿ. ಇಡೀ ಬೀದಿ ಎದ್ದು ಬರದಿದ್ರೆ ಕೇಳಿ! ಆಗ ಗೊತ್ತಾಗುತ್ತೆ ನಿಮಗೆ, ನನಗೆ ಏನೂ ಬರಲ್ಲ ಅಂತ!"

ಇಕ್ಕಳವನ್ನು ಸಾಹೇಬರ ಮುಂದೆ ಜೋರಾಗಿ ಆಡಿಸಿದ. ರಿಲೇ ಇಕ್ಕಳದಿಂದ ಜಾರಿ ಕಲ್ಲಿನ ಮೇಲೆ ಟಕ್ಕೆಂದು ಬಿತ್ತು. ಎತ್ತಿಕೊಂಡು ಒರೆಸಿದ, ಹಾರನ್ನಿನ ಸೀಟಿನಲ್ಲಿದ್ದವನನ್ನು ಕಿತ್ತು ಅಲ್ಲಿಗೆ ಒತ್ತಿದ, ಕಿವಿ ಮುಚ್ಚಿಕೊಂಡು ಕಣ್ಣು ಮುಚ್ಚಿದ.

ಎಲ್ಲೋ ಒಂದು ಹುಳು ಕಿರ್ರೆಂದಿತು. ಅದು ಬಿಟ್ಟರೆ ಏನೂ ಇಲ್ಲ.

ಕಣ್ಣು ಬಿಟ್ಟ. ಸಾಹೇಬರು ಕಾರಿನೊಳಗೆ ಕೈ ಚಾಚಿ ಹಾರನ್ನು ಒತ್ತಿದರು. ಪೀಂ. ಬಿಟ್ಟರು. ನಿಂತಿತು. ಅನುಸ್ವಾರವೂ ಸ್ಪಷ್ಟವಾಗಿತ್ತು.

"ಇವನೇನಾ ಕೆಟ್ಟವನು?" ಎಂದು ಸಾಹೇಬರು ನಕ್ಕರು. "ಗುಡ್ಡದ ಶಾಖೆ ಅಂದ್ರಲ್ಲ ಆ ಸೀಟನ್ನ? ನೋಡಿ, ಒಂದು ಸಂಜೆ ಅಲ್ಲಿ ಕೂತಿದ್ದಕ್ಕೇ ಇವನು ಸುಧಾರಿಸಿದಾನೆ. ಇನ್ನು ನಿಮ್ಮಂಥವರು! ನಾಳೆ ಹತ್ತು ಗಂಟೆಗೆ ಆದೇಶ ನೀವೇ ಬರೆದು ತನ್ನಿ. ಕಾರಣದ ಜಾಗದಲ್ಲಿ ಏನು ಬರೀಬೇಕು ಅಂತ ನಿಮಗೆ ನಾನು ಹೇಳ್ಕೊಡ್ಬೇಕಾಗಿಲ್ಲ."

ಊಟಕ್ಕೆ ಕೂತಾಗ ಸಾಹೇಬರು ಎರಡು ಸಲ ಬಡಿಸಿಕೊಂಡರು. ಎತ್ತಂಗಡಿ ತಟ್ಟೆಯನ್ನೇ ನೋಡುತ್ತಿದ್ದ. ಹೆಂಡತಿ ಕೈತೊಳೆಯುವ ನೆಪದಲ್ಲಿ ಅವನನ್ನು ಒಳಗೆ ಕರೆದು, ಒಲೆಯ ಮೇಲಿದ್ದ ಪಾತ್ರೆ ತೋರಿಸಿದಳು. "ನೋಡ್ಕೊಳ್ಳಿ. ಮೊದಲು ನೀರು ಹಾಕ್ಬೇಕು. ಆಮೇಲೆ ಒಲೆ ಹಚ್ಚಬೇಕು."

ಸೋಮವಾರ ಬೆಳಿಗ್ಗೆ, ಈ ಸಲದ ಐದು ನಿಮಿಷ ಸರಿಯಾಗಿ ಇಪ್ಪತ್ತನಾಲ್ಕು ಗಂಟೆಗೆ ಮುಗಿದು, ಮೆಕ್ಯಾನಿಕ್ಕು ಹೊಸ ರಿಲೇ ಹಿಡಿದು ಬಂದ. ದೀಪ ನೋಡಿದ, ಹಾರನ್ನು ಒತ್ತಿದ, ಪೊಟ್ಟಣವನ್ನು ತಿರುಗಿ ಜೇಬಿಗೆ ಹಾಕಿಕೊಂಡ. ಎಂಜಿನ್ನಿನ ಹೊಟ್ಟೆಯಿಂದ ಹಲ್ಲಿನ ಇಕ್ಕುಳವೊಂದನ್ನು ಹೊರಗೆ ತೆಗೆದು, ಇದು ಯಾವ ಕಂಪನಿಯ ಪಾರ್ಟು ಎಂದು ಸ್ವಲ್ಪ ಹೊತ್ತು ಯೋಚಿಸಿದ.

"ಎಲ್ಲ ಸರಿಯಾಗಿದೆಯಲ್ಲ ಸಾರ್. ನೆಲಕ್ಕೆ ಒಂದು ಕುಟ್ಟಿದ್ರಾ?"

"ಕುಟ್ಟೋದಾ?"

"ಹೌದು ಸಾರ್. ಅಂಟ್ಕೊಂಡಿರೋ ರಿಲೇ ನೆಲಕ್ಕೆ ಒಂದು ಏಟು ಬಿದ್ರೆ ಬಿಟ್ಕೊಳ್ಳುತ್ತೆ. ಅದನ್ನೇ ಹೇಳೋಕೆ ಹೋದೆ, ನೀವು ಫೋನ್ ಇಟ್ಬಿಟ್ರಿ."

ಎತ್ತಂಗಡಿಯ ಕೈಯಲ್ಲಿದ್ದ ಕಾಗದದಲ್ಲಿ ಹನ್ನೆರಡನೆಯ ಹೆಸರು ಒಣಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸಂಬಳದ ಪಟ್ಟಿಯ ಹೊರಗೆ ಆ ಹೆಸರನ್ನು ಪೂರ್ತಿಯಾಗಿ ಬರೆದಿದ್ದ.

ಎದುರು ಮನೆಯ ಬಚ್ಚಲುಮನೆಯ ಕಿಟಕಿ ತೆರೆಯಿತು. ನೊರೆ ತುಂಬಿದ, ಹೊಸ ಗಾಯವಿಲ್ಲದ ಮುಖವೊಂದು ಹೊರಗೆ ಇಣುಕಿ ಗಂಟಲು ಸರಿಮಾಡಿಕೊಂಡಿತು.

"ಕೊನೆಯಲ್ಲಿ ಹವಾಮಾನ. ಗುಡ್ಡ ಪ್ರದೇಶದಲ್ಲಿ ಮುಂದಿನ ಎಂಟು ತಿಂಗಳು ದಟ್ಟ ಮಂಜು ಕವಿಯುವ ಸಾಧ್ಯತೆಯಿದೆ. ನಮ್ಮ ಬೀದಿಯಲ್ಲಿ ಆಕಾಶ ನಿರ್ಮಲವಾಗಿರುತ್ತದೆ."